ಐಸಿಯುನಲ್ಲಿ ಓವರ್ ಕೊಡುವುದು, ಓವರ್ ತೆಗೆದುಕೊಳ್ಳುವುದು: ಹೆಜ್ಜೆ ಹೆಜ್ಜೆಯಾಗಿ

ಐಸಿಯುನಲ್ಲಿರುವ ಬಹಳಷ್ಟು ಪೇಷಂಟ್‌ಗಳು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳಲಾರರು. ಬಾಯಲ್ಲಿ ಟ್ಯೂಬ್ ಇರುತ್ತದೆ, ನಿದ್ದೆಯ ಔಷಧಿ ಹೋಗುತ್ತಿರುತ್ತದೆ. "ಸಿಸ್ಟರ್, ನನಗೆ ಪೆನಿಸಿಲಿನ್ ಆಗಲ್ಲ" ಅಂತ ಹೇಳಲು ಅವರಿಗೆ ಆಗುವುದಿಲ್ಲ. ಅವರ ಪರವಾಗಿ ಮಾತಾಡಬೇಕಾದವರು ಡ್ಯೂಟಿಯಲ್ಲಿರುವ ನಾವು. ಆದರೆ ನಾವೇ ಬದಲಾಗುತ್ತಾ ಇರುತ್ತೇವೆ. ಎಂಟು ಗಂಟೆಯ ಶಿಫ್ಟ್ ಆದರೆ ದಿನಕ್ಕೆ ಮೂರು ಸಲ ನರ್ಸ್ ಬದಲಾಗುತ್ತಾರೆ. ಡಾಕ್ಟರ್‌ಗಳ ಡ್ಯೂಟಿ ಬದಲಾಗುವುದು ಬೇರೆ. ಥಿಯೇಟರ್‌ನಿಂದ ಬರುವಾಗ, ವಾರ್ಡ್‌ಗೆ ಹೋಗುವಾಗ ಇಡೀ ತಂಡವೇ ಬದಲಾಗುತ್ತದೆ.

ಹೀಗೆ ಕೈ ಬದಲಾಗುವಾಗ ಪೇಷಂಟ್‌ನ ವಿವರ, ಜವಾಬ್ದಾರಿ ಎರಡನ್ನೂ ಮುಂದಿನವರಿಗೆ ಒಪ್ಪಿಸುವುದನ್ನೇ ಓವರ್ ಕೊಡುವುದು ಅನ್ನುತ್ತೇವೆ. ಕೈ ಬದಲಾದಾಗಲೆಲ್ಲ ಮಾಹಿತಿ ಸೋರುತ್ತದೆ. ಎಷ್ಟು ಸೋರುತ್ತದೆ ಅನ್ನುವುದನ್ನು ಬ್ರಿಟನ್‌ನ ಕೆಲವು ವೈದ್ಯರು ಅಳೆದು ನೋಡಿದ್ದಾರೆ. 2007ರಲ್ಲಿ ಪ್ರಕಟವಾದ ಆ ಪುಟ್ಟ ಪ್ರಯೋಗದಲ್ಲಿ 12 ಕಾಲ್ಪನಿಕ ಪೇಷಂಟ್‌ಗಳ ವಿವರವನ್ನು ಒಬ್ಬರಿಂದ ಒಬ್ಬರಿಗೆ ಐದು ಸಲ ದಾಟಿಸಿದರು. ಬರೀ ಬಾಯಿಮಾತಲ್ಲಿ ಹೇಳಿದಾಗ ಕೊನೆಗೆ ಉಳಿದದ್ದು ಶೇಕಡಾ 2.5 ಮಾತ್ರ. ಕೇಳುವವರು ಬರೆದುಕೊಂಡಾಗ ಶೇಕಡಾ 85.5 ಉಳಿಯಿತು. ಮುದ್ರಿಸಿದ ಹಾಳೆಯೂ ಜೊತೆಗಿದ್ದಾಗ ಶೇಕಡಾ 99. ಅನುಭವ, ಜ್ಞಾಪಕಶಕ್ತಿ ಎಷ್ಟೇ ಚೆನ್ನಾಗಿದ್ದರೂ ಬರೀ ಬಾಯಿಮಾತನ್ನು ನಂಬಬಾರದು ಅನ್ನಲು ಇಷ್ಟು ಸಾಕು, ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪೇಷಂಟ್ ಸುರಕ್ಷತೆಗೆ ಒಂಬತ್ತು ಪರಿಹಾರಗಳನ್ನು ಮುಂದಿಟ್ಟಿತು. ಅದರಲ್ಲಿ ಓವರ್ ಕೊಡುವಾಗಿನ ಮಾತುಕತೆಯೂ ಒಂದು. ಅದು ಕೇಳಿದ್ದು ದೊಡ್ಡ ಯಂತ್ರಗಳನ್ನಲ್ಲ. ಎಲ್ಲರೂ ಒಂದೇ ಕ್ರಮದಲ್ಲಿ ಹೇಳಲಿ, ಅದಕ್ಕೆ ಸಾಕಷ್ಟು ಸಮಯ ಸಿಗಲಿ, ಪ್ರಶ್ನೆ ಕೇಳಲು ಅವಕಾಶ ಇರಲಿ, ಕೇಳಿಸಿಕೊಂಡವರು ಅದನ್ನು ತಿರುಗಿ ಹೇಳಲಿ, ಇಷ್ಟೇ. ಕೊನೆಯದು ಮಾತ್ರ ನಮ್ಮಲ್ಲಿ ಎಲ್ಲಕ್ಕಿಂತ ಜಾಸ್ತಿ ಬಿಟ್ಟುಹೋಗುತ್ತದೆ. ಕೊಡುವವರು ಹೇಳಿ ಮುಗಿಸಿದಾಗ ಓವರ್ ಮುಗಿಯಿತು ಅಂದುಕೊಳ್ಳುತ್ತೇವೆ. ತೆಗೆದುಕೊಳ್ಳುವವರು ಅದನ್ನು ತಮ್ಮ ಬಾಯಲ್ಲಿ ಸರಿಯಾಗಿ ಹೇಳುವ ತನಕ ಅದು ಮುಗಿದಿಲ್ಲ. ಕೆಳಗಿನ ಹೆಜ್ಜೆಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

ಮೊದಲ ಹೆಜ್ಜೆ: ಬರುವವರು ಬರುವ ಮೊದಲೇ ತಯಾರಾಗಿ

ಶಿಫ್ಟ್ ಮುಗಿಯಲು ಅರ್ಧ ಗಂಟೆ ಇರುವಾಗಲೇ ಶುರು ಮಾಡಿ. ಹೊಸ ರಿಪೋರ್ಟ್ ಏನಾದರೂ ಬಂದಿದೆಯಾ ನೋಡಿ. ಔಷಧಿ ಚಾರ್ಟ್‌ನಲ್ಲಿ ಕೊಟ್ಟ ಡೋಸ್‌ಗಳಿಗೆಲ್ಲ ಸಹಿ ಆಗಿದೆಯಾ ನೋಡಿ. ಕೊಟ್ಟೂ ಸಹಿ ಹಾಕದ ಡೋಸ್ ಇದ್ದರೆ ಮುಂದಿನವರು ಅದನ್ನೇ ಇನ್ನೊಂದು ಸಲ ಕೊಡುವ ಅಪಾಯ ಇದೆ. ಇನ್‌ಟೇಕ್, ಔಟ್‌ಪುಟ್ ಲೆಕ್ಕ ಕೂಡಿಸಿಡಿ.

ಆಮೇಲೆ ಸಿರಿಂಜ್ ಪಂಪ್‌ಗಳ ಮೇಲೆ ಕಣ್ಣಾಡಿಸಿ. ನಾರ್‌ಅಡ್ರಿನಲಿನ್ ಸಿರಿಂಜ್‌ನಲ್ಲಿ 4 ಎಂಎಲ್ ಉಳಿದಿದೆ, ಗಂಟೆಗೆ 6 ಎಂಎಲ್ ಹೋಗುತ್ತಿದೆ ಅಂದರೆ 40 ನಿಮಿಷಕ್ಕೆ ಖಾಲಿ. ಈ ಔಷಧಿ ದೇಹದಲ್ಲಿ ನಿಮಿಷಗಳ ಲೆಕ್ಕದಲ್ಲಿ ಇಳಿದುಹೋಗುತ್ತದೆ. ಸಿರಿಂಜ್ ನಿಂತರೆ ಬಿಪಿ ತಕ್ಷಣ ಬೀಳುತ್ತದೆ. ಆ 40 ನಿಮಿಷ ಸರಿಯಾಗಿ ಹೊಸಬರು ಬೇರೆ ಪೇಷಂಟ್‌ನ ಓವರ್ ತೆಗೆದುಕೊಳ್ಳುತ್ತಿರುವ ಹೊತ್ತಿಗೆ ಬಂದರೆ? ಅದಕ್ಕೇ ಹೊಸ ಸಿರಿಂಜ್ ತುಂಬಿ, ಲೇಬಲ್ ಅಂಟಿಸಿ, ಪಕ್ಕದಲ್ಲಿಟ್ಟು ಹೋಗಿ. ಓವರ್ ಕೊಡುತ್ತಿರುವ ಮಧ್ಯದಲ್ಲೇ ಸಿರಿಂಜ್ ಬದಲಿಸುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಹಾಳೆಯೊಂದು ಕೈಯಲ್ಲಿರಲಿ. ಅಚ್ಚು ಹಾಕಿದ ಚೆಕ್‌ಲಿಸ್ಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನೀವೇ ಗೆರೆ ಎಳೆದುಕೊಂಡ ಹಾಳೆಯೂ ಆಗುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಜೇಬಲ್ಲಿಟ್ಟುಕೊಂಡು ಮನೆಗೆ ಒಯ್ಯಬೇಡಿ. ಅದರಲ್ಲಿ ಪೇಷಂಟ್‌ನ ಹೆಸರು, ಕಾಯಿಲೆ ಎಲ್ಲ ಇರುತ್ತದೆ.

ಎರಡನೇ ಹೆಜ್ಜೆ: ಹಾಸಿಗೆ ಪಕ್ಕದಲ್ಲೇ ನಿಂತು, ನಡುವೆ ಯಾರೂ ಬಾಯಿ ಹಾಕದ ಹಾಗೆ

ನರ್ಸಿಂಗ್ ಸ್ಟೇಷನ್‌ನಲ್ಲಿ ಕುರ್ಚಿ ಎಳೆದುಕೊಂಡು ಕೂತು ಹೇಳುವುದು ಸುಲಭ. ಆದರೆ ಅಲ್ಲಿಂದ ಮಾನಿಟರ್ ಸರಿಯಾಗಿ ಕಾಣುವುದಿಲ್ಲ, ಡ್ರಿಪ್ ಕಾಣುವುದಿಲ್ಲ, ಪೇಷಂಟ್‌ನ ಮುಖವಂತೂ ಕಾಣುವುದೇ ಇಲ್ಲ. ಹಾಸಿಗೆ ಪಕ್ಕ ನಿಂತಾಗ ಹೇಳುವ ಪ್ರತಿ ಮಾತನ್ನೂ ಅಲ್ಲೇ ಕಣ್ಣಲ್ಲಿ ನೋಡಿ ತಾಳೆ ಹಾಕಬಹುದು.

ವಿಮಾನಗಳಲ್ಲಿ ಒಂದು ನಿಯಮ ಇದೆ. ಅಮೆರಿಕದ ವಿಮಾನಯಾನ ಆಡಳಿತ 1981ರಲ್ಲಿ ಅದನ್ನು ತಂದಿತು. ವಿಮಾನ 10,000 ಅಡಿಗಿಂತ ಕೆಳಗಿರುವಾಗ ಪೈಲಟ್‌ಗಳು ಹಾರಾಟಕ್ಕೆ ಬೇಕಿಲ್ಲದ ಒಂದು ಮಾತೂ ಆಡಬಾರದು. ಏರುವ, ಇಳಿಯುವ ಹೊತ್ತಲ್ಲೇ ತಪ್ಪಿಗೆ ದಾರಿ ಜಾಸ್ತಿ ಅನ್ನುವುದು ಅದರ ಹಿಂದಿನ ವಿಚಾರ. ಓವರ್ ಕೊಡುವ ಹೊತ್ತಿಗೂ ಇದೇ ನಿಯಮ ಬೇಕು. ಫೋನ್ ಬಂದರೆ ಇನ್ನೊಬ್ಬರು ಎತ್ತಲಿ. ಪಕ್ಕದ ಹಾಸಿಗೆಯ ಅಲಾರಂ ಹೊಡೆದರೆ ಯಾರು ಓಡಬೇಕು ಅನ್ನುವುದು ಮೊದಲೇ ಗೊತ್ತಿರಲಿ. ಪ್ರತಿ ಶಿಫ್ಟ್ ಬದಲಾಗುವಾಗಲೂ ಈ ಕೆಲಸಕ್ಕೆ ಒಬ್ಬರನ್ನು ಹೆಸರು ಹಿಡಿದು ನೇಮಿಸುವುದು ಚಾರ್ಜ್ ನರ್ಸ್‌ನ ಜವಾಬ್ದಾರಿ. "ಯಾರಾದ್ರೂ ನೋಡ್ಕೊಳ್ಳಿ" ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ಒಂದು ಎಚ್ಚರಿಕೆ. ಸೆಡೇಷನ್‌ನಲ್ಲಿರುವ ಪೇಷಂಟ್‌ಗೆ ಏನೂ ಕೇಳಿಸುವುದಿಲ್ಲ ಅಂದುಕೊಳ್ಳಬೇಡಿ. ಐಸಿಯುನಿಂದ ಹೊರಬಂದ ಎಷ್ಟೋ ಜನ ತಮ್ಮ ತಲೆಯ ಮೇಲೆ ನಡೆದ ಮಾತುಕತೆಯನ್ನು ನೆನಪಿಟ್ಟುಕೊಂಡಿರುತ್ತಾರೆ. ಬದುಕುವ ಸಾಧ್ಯತೆಯ ಚರ್ಚೆ, ಮನೆಯವರ ನಡುವಿನ ಜಗಳ, ಇಂಥ ಸೂಕ್ಷ್ಮ ವಿಷಯಗಳನ್ನು ನಾಲ್ಕು ಹೆಜ್ಜೆ ದೂರ ಹೋಗಿ ಮಾತಾಡಿ. ಪೇಷಂಟ್ ಎಚ್ಚರವಾಗಿದ್ದರಂತೂ ಹೊಸದಾಗಿ ಬಂದವರ ಪರಿಚಯ ಅವರಿಗೇ ಮೊದಲು ಆಗಬೇಕು.

ಮೂರನೇ ಹೆಜ್ಜೆ: ಮೊದಲ ಎರಡು ವಾಕ್ಯದಲ್ಲಿ ಎಷ್ಟು ಸೀರಿಯಸ್ ಅಂತ ಗೊತ್ತಾಗಲಿ

"ನಾಲ್ಕನೇ ಬೆಡ್" ಅಂತ ಶುರು ಮಾಡುವ ಅಭ್ಯಾಸ ಬಿಡಿ. ಹಾಸಿಗೆ ನಂಬರ್ ಬದಲಾಗುತ್ತದೆ, ಪೇಷಂಟ್ ಬದಲಾಗುವುದಿಲ್ಲ. ಹೆಸರು ಹೇಳಿ, ಕೈಗೆ ಕಟ್ಟಿದ ಐಡಿ ಬ್ಯಾಂಡ್ ಇಬ್ಬರೂ ನೋಡಿ. ಆಮೇಲೆ ವಯಸ್ಸು, ತೂಕ, ಕಾಯಿಲೆ, ಅಲರ್ಜಿ. ಹೃದಯ ನಿಂತರೆ ಸಿಪಿಆರ್ ಮಾಡಬೇಕೇ ಬೇಡವೇ ಅನ್ನುವ ತೀರ್ಮಾನ ಆಗಿದ್ದರೆ ಅದನ್ನೂ ಇಲ್ಲೇ ಹೇಳಿ. ಕೊನೆಗೆ ಹೇಳೋಣ ಅಂತ ಇಟ್ಟುಕೊಂಡರೆ ಇದು ಬಿಟ್ಟೇ ಹೋಗುತ್ತದೆ.

ಇದಕ್ಕೆ ಜೋಡಿಸಿ ಒಂದು ಸಾಲಿನ ತೀರ್ಪು ಕೊಡಿ: ಸುಧಾರಿಸುತ್ತಿದ್ದಾರಾ, ಹಾಗೇ ಇದ್ದಾರಾ, ಕೆಡುತ್ತಿದ್ದಾರಾ? ಕೇಳುವವರ ಕಿವಿ ಚುರುಕಾಗುವುದು ಇದರಿಂದಲೇ. ಉದಾಹರಣೆಗೆ ಹೀಗೆ (ಸೆಪ್ಟಿಕ್ ಶಾಕ್ ಅಂದರೆ ಸೋಂಕಿನಿಂದ ಬಿಪಿ ಕುಸಿಯುವುದು):

"58 ವರ್ಷ, 64 ಕೆಜಿ. ನ್ಯುಮೋನಿಯಾ, ಸೆಪ್ಟಿಕ್ ಶಾಕ್, ವೆಂಟಿಲೇಟರ್ ಮೇಲೆ ಇವತ್ತು ಮೂರನೇ ದಿನ. ಪೆನಿಸಿಲಿನ್ ಅಲರ್ಜಿ ಇದೆ. ಬೆಳಗ್ಗೆಯಿಂದ ಸುಮಾರಾಗಿದ್ರು, ಎರಡು ಗಂಟೆಯಿಂದ ನನಗೆ ಸರಿ ಕಾಣ್ತಿಲ್ಲ ಸಿಸ್ಟರ್."

ಕೊನೆಯ ಮಾತು ಚಾರ್ಟ್‌ನಲ್ಲಿ ಎಲ್ಲೂ ಇರುವುದಿಲ್ಲ. ಎಂಟು ಗಂಟೆ ಪಕ್ಕದಲ್ಲೇ ನಿಂತವರಿಗೆ ಮಾತ್ರ ಅದು ಗೊತ್ತು. ಕಾರಣ ಸ್ಪಷ್ಟವಾಗಿ ಹೇಳಲು ಬರದಿದ್ದರೂ ಆ ಅನುಮಾನವನ್ನು ಸಂಕೋಚ ಇಲ್ಲದೆ ಹೇಳಿ.

ನಾಲ್ಕನೇ ಹೆಜ್ಜೆ: ಒಂದು ಕ್ರಮ ಹಿಡಿಯಿರಿ, ಅಂಕಿಯ ಜೊತೆ ಅದರ ಆಸರೆಯನ್ನೂ ಹೇಳಿ

ತಲೆಯಿಂದ ಕಾಲಿನವರೆಗೆ ಹೋಗಬಹುದು. ಉಸಿರಿನ ದಾರಿ, ಉಸಿರಾಟ, ರಕ್ತಚಲನೆ, ಮೆದುಳು, ಹೊಟ್ಟೆ, ಕಿಡ್ನಿ, ಚರ್ಮ ಅಂತಲೂ ಹೋಗಬಹುದು. ಯಾವುದಾದರೂ ಸರಿ, ಆದರೆ ಯೂನಿಟ್‌ನಲ್ಲಿ ಎಲ್ಲರದೂ ಒಂದೇ ಆಗಿರಲಿ. ಕ್ರಮ ಗೊತ್ತಿದ್ದಾಗ ಬಿಟ್ಟುಹೋದದ್ದು ಕೇಳುವವರಿಗೂ ಗೊತ್ತಾಗುತ್ತದೆ. "ಕಿಡ್ನಿ ಬಗ್ಗೆ ಹೇಳ್ಲೇ ಇಲ್ವಲ್ಲ" ಅಂತ ಅವರೇ ನೆನಪಿಸುತ್ತಾರೆ.

ಹೆಸರಾದ ಕ್ರಮಗಳು ಎರಡಿವೆ. ಒಂದು ಎಸ್‌ಬಾರ್: ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ಏನು ಮಾಡಬೇಕು. ಇದರ ಮೂಲ ಅಮೆರಿಕದ ನೌಕಾಪಡೆಯ ಅಣುಶಕ್ತಿ ಜಲಾಂತರ್ಗಾಮಿಗಳಲ್ಲಿದೆ. ಆಸ್ಪತ್ರೆಗಳಿಗೆ ಇದನ್ನು ತಂದದ್ದು ಅಲ್ಲಿನ ಕೈಸರ್ ಪರ್ಮನೆಂಟೆ ಸಂಸ್ಥೆ. ಇನ್ನೊಂದು ಐ-ಪಾಸ್: ಎಷ್ಟು ಸೀರಿಯಸ್, ಪೇಷಂಟ್‌ನ ಸಾರಾಂಶ, ಮಾಡಬೇಕಾದ ಕೆಲಸ, ಹೀಗಾದರೆ ಹೀಗೆ ಅನ್ನುವ ಮುಂದಾಲೋಚನೆ, ಕೇಳಿದವರು ತಿರುಗಿ ಹೇಳುವುದು. ಇದನ್ನು ಉತ್ತರ ಅಮೆರಿಕದ ಒಂಬತ್ತು ಮಕ್ಕಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟು 10,740 ದಾಖಲಾತಿಗಳ ಲೆಕ್ಕದಲ್ಲಿ ವೈದ್ಯಕೀಯ ತಪ್ಪುಗಳು ಶೇಕಡಾ 23ರಷ್ಟು, ತಡೆಯಬಹುದಾಗಿದ್ದ ಹಾನಿ ಶೇಕಡಾ 30ರಷ್ಟು ಇಳಿದವು. ಓವರ್‌ಗೆ ಹಿಡಿದ ಸಮಯ ಮಾತ್ರ ಹೆಚ್ಚು ಕಡಿಮೆ ಅಷ್ಟೇ ಇತ್ತು. ಇದು ಮಕ್ಕಳ ವಿಭಾಗದ, ಡಾಕ್ಟರ್‌ಗಳ ನಡುವಿನ ಓವರ್ ಕುರಿತದ್ದು. ಆದರೂ "ಇದಕ್ಕೆಲ್ಲ ಟೈಮ್ ಎಲ್ಲಿದೆ" ಅನ್ನುವವರು ಒಮ್ಮೆ ಇದನ್ನು ನೋಡಬೇಕು.

ನನ್ನ ಅಭಿಪ್ರಾಯ ಕೇಳಿದರೆ, ರಾತ್ರಿ ಡಾಕ್ಟರ್‌ಗೆ ಫೋನ್ ಮಾಡಲು ಎಸ್‌ಬಾರ್ ಚೆನ್ನ. ಶಿಫ್ಟ್ ಬದಲಾಗುವಾಗ ಐ-ಪಾಸ್ ಚೌಕಟ್ಟು ಇಟ್ಟುಕೊಂಡು, ಒಳಗಿನ ಸಾರಾಂಶವನ್ನು ಅಂಗಾಂಗಗಳ ಕ್ರಮದಲ್ಲಿ ಹೇಳುವುದು ಐಸಿಯುಗೆ ಚೆನ್ನಾಗಿ ಒಗ್ಗುತ್ತದೆ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಐಸಿಯುನಲ್ಲಿ ಬರೀ ಅಂಕಿಗೆ ಬೆಲೆ ಇಲ್ಲ. "ಬಿಪಿ 110/70, ಸ್ಟೇಬಲ್" ಅಂದರು ಅಂತಿಟ್ಟುಕೊಳ್ಳಿ. ನಾರ್‌ಅಡ್ರಿನಲಿನ್ ಎರಡು ಗಂಟೆ ಹಿಂದೆ 3 ಎಂಎಲ್ ಹೋಗುತ್ತಿತ್ತು, ಈಗ 6 ಎಂಎಲ್ ಹೋಗುತ್ತಿದೆ. ಅದೇ ಬಿಪಿ ಉಳಿಸಿಕೊಳ್ಳಲು ಔಷಧಿ ಎರಡರಷ್ಟು ಬೇಕಾಗಿದೆ. ಮಾನಿಟರ್ ಅಲುಗಾಡಿಲ್ಲ, ಪೇಷಂಟ್ ಮಾತ್ರ ಕೆಡುತ್ತಿದ್ದಾರೆ. ಆಕ್ಸಿಜನ್ ಕೂಡ ಹಾಗೇ. ಶೇಕಡಾ 96 ಸ್ಯಾಚುರೇಷನ್ ಶೇಕಡಾ 40 ಆಕ್ಸಿಜನ್ ಮೇಲಾ, ಶೇಕಡಾ 80 ಆಕ್ಸಿಜನ್ ಮೇಲಾ? ಪೀಪ್ (ಉಸಿರು ಬಿಟ್ಟ ಮೇಲೂ ವೆಂಟಿಲೇಟರ್ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) ಎಷ್ಟು? ಯೂರಿನ್ ಗಂಟೆಗೆ 40 ಎಂಎಲ್ ಬಂದಿದ್ದು ತಾನಾಗಿಯಾ, ಯೂರಿನ್ ಹೆಚ್ಚಿಸುವ ಫ್ಯೂರೊಸೆಮೈಡ್ ಕೊಟ್ಟ ಮೇಲಾ? ಯಾವ ಅಂಕಿ ಹೇಳಿದರೂ ಅದು ಯಾವ ಆಸರೆಯ ಮೇಲೆ ನಿಂತಿದೆ, ಆ ಆಸರೆ ಏರುತ್ತಿದೆಯಾ ಇಳಿಯುತ್ತಿದೆಯಾ ಅನ್ನುವುದನ್ನು ಸೇರಿಸಿಯೇ ಹೇಳಿ.

ಎಂಎಲ್ ಲೆಕ್ಕದಲ್ಲೂ ಒಂದು ಗುಂಡಿ ಇದೆ. 50 ಎಂಎಲ್‌ನಲ್ಲಿ 4 ಮಿಲಿಗ್ರಾಂ ನಾರ್‌ಅಡ್ರಿನಲಿನ್ ಹಾಕಿದ ಸಿರಿಂಜ್ ಗಂಟೆಗೆ 6 ಎಂಎಲ್ ಹೋದರೆ ನಿಮಿಷಕ್ಕೆ 8 ಮೈಕ್ರೋಗ್ರಾಂ. ಅದೇ 50 ಎಂಎಲ್‌ನಲ್ಲಿ 8 ಮಿಲಿಗ್ರಾಂ ಹಾಕಿದ್ದರೆ ಅದೇ 6 ಎಂಎಲ್‌ಗೆ ನಿಮಿಷಕ್ಕೆ 16 ಮೈಕ್ರೋಗ್ರಾಂ. "ನಾರ್‌ಅಡ್ರಿನಲಿನ್ ಆರು ಹೋಗ್ತಿದೆ" ಅಂದಾಗ ಯಾವುದು ಅಂತ ಹೇಗೆ ಗೊತ್ತಾಗಬೇಕು? ಸಿಂಗಲ್ ಸ್ಟ್ರೆಂತಾ, ಡಬಲ್ ಸ್ಟ್ರೆಂತಾ ಹೇಳಿ. ಸಾಧ್ಯವಾದರೆ ಡೋಸ್ ಲೆಕ್ಕದಲ್ಲೇ ಹೇಳಿ.

ಐದನೇ ಹೆಜ್ಜೆ: ಮುಟ್ಟಿ ನೋಡಿ

ಪ್ರತಿ ಇನ್ಫ್ಯೂಷನ್ ಲೈನ್ ಅನ್ನು ಸಿರಿಂಜ್‌ನಿಂದ ಹಿಡಿದು ಪೇಷಂಟ್‌ನ ಮೈ ಸೇರುವ ತನಕ ಬೆರಳಲ್ಲಿ ಹಿಡಿದುಕೊಂಡು ಹೋಗಿ. ಲೇಬಲ್, ಪಂಪ್‌ನಲ್ಲಿ ಹಾಕಿದ ರೇಟ್, ಡಾಕ್ಟರ್ ಬರೆದ ಆರ್ಡರ್, ಮೂರೂ ಒಂದೇ ಇವೆಯಾ ಇಬ್ಬರೂ ನೋಡಿ. ಐದಾರು ಲೈನ್ ಹೆಣೆದುಕೊಂಡಿರುವಾಗ ಯಾವ ಔಷಧಿ ಯಾವ ಪೋರ್ಟ್‌ಗೆ ಹೋಗುತ್ತಿದೆ ಅನ್ನುವುದು ಕಣ್ಣಿಗೆ ಮೋಸ ಮಾಡುತ್ತದೆ. ಬೆರಳಿಗೆ ಮೋಸ ಮಾಡುವುದು ಕಷ್ಟ.

ಬಾಯಿಯ ಟ್ಯೂಬ್ ಹಲ್ಲಿನ ಹತ್ತಿರ ಎಷ್ಟನೇ ಸೆಂಟಿಮೀಟರ್‌ನಲ್ಲಿ ಕಟ್ಟಿದೆ ಅಂತ ಒಟ್ಟಿಗೆ ಓದಿ. ಬೆಳಗ್ಗೆ 22 ಇದ್ದದ್ದು ಈಗ 24 ಆಗಿದ್ದರೆ ಟ್ಯೂಬ್ ಒಳಗೆ ಜಾರಿದೆ, ಒಂದೇ ಶ್ವಾಸಕೋಶಕ್ಕೆ ಗಾಳಿ ಹೋಗುತ್ತಿರಬಹುದು. ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ), ಆರ್ಟೀರಿಯಲ್ ಲೈನ್ (ಅಪಧಮನಿಗೆ ಹಾಕಿದ ನಳಿಕೆ), ಯೂರಿನ್ ಕ್ಯಾತಿಟರ್ ಹಾಕಿದ ದಿನ ನೋಡಿ, ಇನ್ನೂ ಬೇಕಾ ಅಂತ ಕೇಳಿಕೊಳ್ಳಿ. ಅಲಾರಂ ಮಿತಿಗಳನ್ನು ನೋಡಿ. ಹಿಂದಿನವರು ಸಕ್ಷನ್ ಮಾಡುವಾಗ (ಟ್ಯೂಬ್‌ನಿಂದ ಕಫ ಎಳೆಯುವಾಗ) ಮೌನ ಮಾಡಿದ ಅಲಾರಂ ಹಾಗೇ ಉಳಿದಿರಬಹುದು.

ಪ್ಯೂಪಿಲ್‌ಗೆ (ಕಣ್ಣಿನ ಪಾಪೆಗೆ) ಟಾರ್ಚ್ ಬಿಟ್ಟು ಇಬ್ಬರೂ ಒಟ್ಟಿಗೆ ನೋಡಿ. ಎಚ್ಚರದ ಮಟ್ಟ ಅಳೆಯುವ ಜಿಸಿಎಸ್ ಅಂಕವನ್ನೂ ಒಟ್ಟಿಗೆ ನೋಡಿ. ಒಬ್ಬರು 9 ಅಂದದ್ದನ್ನು ಇನ್ನೊಬ್ಬರು 11 ಅನ್ನುವುದು ಅಪರೂಪವೇನಲ್ಲ. ಓವರ್ ಆದ ಒಂದು ಗಂಟೆಗೆ ಹೊಸಬರು ನೋಡಿದಾಗ ಪೇಷಂಟ್ ನಿಜವಾಗಿ ಬದಲಾಗಿದ್ದಾರಾ, ನೋಡುವವರು ಬದಲಾಗಿದ್ದಾರಾ ಅನ್ನುವ ಗೊಂದಲ ಆಗ ಇರುವುದಿಲ್ಲ. ಪೇಷಂಟ್ ಅನ್ನು ಮಗ್ಗುಲು ತಿರುಗಿಸುವ ಸಮಯ ಬಂದಿದ್ದರೆ ಇಬ್ಬರೂ ಇರುವಾಗಲೇ ತಿರುಗಿಸಿ, ಬೆನ್ನು, ಹಿಮ್ಮಡಿ ನೋಡಿಬಿಡಿ.

ಆರನೇ ಹೆಜ್ಜೆ: ಮುಂದೆ ಏನು ಕಾದಿದೆ

ಓವರ್‌ನ ಬಹುಪಾಲು ಸಮಯವನ್ನು ನಾವು ಆಗಿಹೋದದ್ದಕ್ಕೆ ಕೊಡುತ್ತೇವೆ. ಅದು ಹೇಗೂ ಕೇಸ್ ಶೀಟ್‌ನಲ್ಲಿದೆ. ಬರುವವರಿಗೆ ಬೇಕಾದದ್ದು ಮುಂದಿನ ಎಂಟು ಗಂಟೆ.

ಎರಡು ಬಗೆಯ ವಿಷಯ ಇಲ್ಲಿ ಬರುತ್ತದೆ. ಒಂದು, ಬಾಕಿ ಕೆಲಸ. ಪೊಟ್ಯಾಸಿಯಂ 3.1 ಇತ್ತು, ಕರೆಕ್ಷನ್ ಹೋಗುತ್ತಿದೆ, ಸಂಜೆ ಆರಕ್ಕೆ ಮತ್ತೆ ಕಳಿಸಬೇಕು. ಬ್ಲಡ್ ಕಲ್ಚರ್ ನಿನ್ನೆ ಹೋಗಿದೆ, ರಿಪೋರ್ಟ್ ಬಂದಿಲ್ಲ. ನಾಲ್ಕು ಗಂಟೆಗೆ ಸಿಟಿ ಸ್ಕ್ಯಾನ್ ಇದೆ. ಪ್ರತಿ ಕೆಲಸದ ಮುಂದೆಯೂ ಸಮಯ ಮತ್ತು ಮಾಡಬೇಕಾದವರು ಯಾರು ಅನ್ನುವುದು ಇರಲಿ. "ಲ್ಯಾಬ್‌ಗೆ ಕೇಳ್ಬೇಕು" ಅಂತ ಬಿಟ್ಟರೆ ಕೊಟ್ಟವರು ಅವರು ಕೇಳುತ್ತಾರೆ ಅಂದುಕೊಳ್ಳುತ್ತಾರೆ, ತೆಗೆದುಕೊಂಡವರು ಇವರು ಕೇಳಿಯಾಗಿದೆ ಅಂದುಕೊಳ್ಳುತ್ತಾರೆ.

ಎರಡನೆಯದು ಇನ್ನೂ ಮುಖ್ಯ. ಹೀಗಾದರೆ ಏನು ಮಾಡಬೇಕು? ಆ ಪೇಷಂಟ್‌ಗೆ ಡಾಕ್ಟರ್ ಹಾಕಿಕೊಟ್ಟ ಗಡಿಗಳನ್ನು ಅಂಕಿಯಲ್ಲೇ ಹೇಳಿ (ಮೀನ್ ಬಿಪಿ ಅಂದರೆ ಸರಾಸರಿ ಬಿಪಿ).

"ಮೀನ್ ಬಿಪಿ 65ಕ್ಕಿಂತ ಕೆಳಗೆ ಬಂದ್ರೆ ನಾರ್‌ಅಡ್ರಿನಲಿನ್ ಏರಿಸೋಕೆ ಆರ್ಡರ್ ಇದೆ, ಆದ್ರೆ 8 ಎಂಎಲ್ ದಾಟೋ ಹಾಗಿದ್ರೆ ಡಾಕ್ಟರ್‌ಗೆ ಫೋನ್ ಮಾಡ್ಲೇಬೇಕು. ಯೂರಿನ್ ಗಂಟೆಗೆ 30 ಎಂಎಲ್‌ಗಿಂತ ಕಡಿಮೆ ಎರಡು ಗಂಟೆ ಬಂದ್ರೂ ಹೇಳ್ಬೇಕು. ಈ ಪರಿಸ್ಥಿತೀಲಿ ಸಿಟಿಗೆ ಕಳಿಸೋದು ಬೇಡ ಅನ್ನಿಸ್ತಿದೆ, ಹೋಗೋಕೆ ಮುಂಚೆ ಇನ್ನೊಂದ್ಸಲ ಕೇಳಿ."

ಈ ನಾಲ್ಕು ಮಾತು ಇದ್ದರೆ ಹೊಸದಾಗಿ ಬಂದ ನರ್ಸ್ ಬಿಪಿ ಬಿದ್ದಾಗ ಯೋಚಿಸುತ್ತಾ ನಿಲ್ಲುವುದಿಲ್ಲ. ಯಾರಿಗೆ, ಯಾವಾಗ, ಯಾಕೆ ಫೋನ್ ಮಾಡಬೇಕು ಅಂತ ಗೊತ್ತಿರುತ್ತದೆ. ಇಂಥ ಗಡಿ ಹಾಕಿಕೊಟ್ಟಿಲ್ಲದಿದ್ದರೆ ಓವರ್ ಮುಗಿಯುವ ಮೊದಲೇ ಡಾಕ್ಟರ್ ಹತ್ತಿರ ಕೇಳಿ ಬರೆಸಿಕೊಳ್ಳಿ.

ದಿನದ ಮಾಮೂಲಿ ಕೆಲಸಗಳು ಮರೆಯದಿರಲು ಫಾಸ್ಟ್ ಹಗ್ ಅನ್ನುವ ನೆನಪಿನ ಸೂತ್ರ ಇದೆ. ಬೆಲ್ಜಿಯಂನ ಐಸಿಯು ತಜ್ಞ ಜಾನ್ ಲೂಯಿ ವಿನ್ಸೆಂಟ್ 2005ರಲ್ಲಿ ಇದನ್ನು ಕೊಟ್ಟರು. ಫೀಡ್, ನೋವಿನ ಔಷಧಿ, ಸೆಡೇಷನ್, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಔಷಧಿ, ತಲೆಯ ಕಡೆ ಎತ್ತರಿಸಿದ ಹಾಸಿಗೆ, ಹೊಟ್ಟೆ ಹುಣ್ಣಾಗದ ಹಾಗೆ ಕೊಡುವ ಔಷಧಿ, ಶುಗರ್. ಒಂದೊಂದಕ್ಕೂ ಒಂದು ಮಾತು ಸಾಕು.

ಮನೆಯವರಿಗೆ ಏನು ಹೇಳಿದ್ದೀರಿ, ಯಾರಿಗೆ ಹೇಳಿದ್ದೀರಿ ಅನ್ನುವುದನ್ನೂ ದಾಟಿಸಿ. ಮಧ್ಯಾಹ್ನ ಒಬ್ಬರು "ಪರವಾಗಿಲ್ಲ" ಅಂದು, ಸಂಜೆ ಇನ್ನೊಬ್ಬರು "ಸೀರಿಯಸ್" ಅಂದರೆ ಆ ಮನೆಯವರು ಮತ್ತೆ ಯಾರ ಮಾತನ್ನೂ ನಂಬುವುದಿಲ್ಲ.

ಏಳನೇ ಹೆಜ್ಜೆ: ಕೇಳಿದವರು ತಿರುಗಿ ಹೇಳಲಿ

ಇಲ್ಲಿಯವರೆಗೆ ತಲೆ ಆಡಿಸುತ್ತಿದ್ದವರು ಈಗ ಮಾತಾಡಬೇಕು. ಎಲ್ಲವನ್ನೂ ಪಾಠದ ಹಾಗೆ ಒಪ್ಪಿಸಬೇಕಿಲ್ಲ. ಮುಖ್ಯವಾದದ್ದನ್ನು, ತಮ್ಮ ಮಾತಲ್ಲಿ ಹೇಳಿದರೆ ಸಾಕು.

"ಸರಿ ಸಿಸ್ಟರ್, ಒಂದ್ಸಲ ಹೇಳ್ತೀನಿ, ತಪ್ಪಿದ್ರೆ ತಿದ್ದಿ. ನ್ಯುಮೋನಿಯಾ, ಸೆಪ್ಟಿಕ್ ಶಾಕ್, ವೆಂಟಿಲೇಟರ್ ಮೂರನೇ ದಿನ. ಎರಡು ಗಂಟೆಯಿಂದ ನಾರ್‌ಅಡ್ರಿನಲಿನ್ ಏರ್ತಿದೆ, ಈಗ ಸಿಂಗಲ್ ಸ್ಟ್ರೆಂತ್ 6. ಸಿರಿಂಜ್ 40 ನಿಮಿಷಕ್ಕೆ ಮುಗಿಯುತ್ತೆ, ಹೊಸದು ಇಲ್ಲಿದೆ. 8 ದಾಟೋ ಹಾಗಿದ್ರೆ ಡಾಕ್ಟರ್‌ಗೆ ಫೋನ್. ಆರಕ್ಕೆ ಪೊಟ್ಯಾಸಿಯಂ. ಸಿಟಿ ವಿಷಯ ನಾನು ಈಗಲೇ ಕೇಳ್ತೀನಿ."

"ಯೂರಿನ್ ಗಡಿ ಬಿಟ್ರಿ. 30ಕ್ಕಿಂತ ಕಡಿಮೆ, ಎರಡು ಗಂಟೆ."

"ಹೌದು, 30. ಬರ್ಕೊಂಡೆ. ಇವರ ಕ್ರಿಯಾಟಿನಿನ್ ಬೆಳಗ್ಗೆ ಎಷ್ಟಿತ್ತು?"

ಇಡೀ ಮಾತುಕತೆಗೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಆದರೆ ಬಿಟ್ಟುಹೋದ ಒಂದು ಗಡಿ ಸಿಕ್ಕಿತು, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅನ್ನುವ, ಕೊಟ್ಟವರಿಗೆ ಹೊಳೆಯದ ಒಂದು ಪ್ರಶ್ನೆ ಎದ್ದಿತು. ಪ್ರಶ್ನೆ ಕೇಳುವವರನ್ನು "ಇಷ್ಟೂ ಗೊತ್ತಿಲ್ವಾ" ಅನ್ನುವ ಹಾಗೆ ನೋಡಬೇಡಿ, ಅದರಲ್ಲೂ ಕಿರಿಯರನ್ನು. ಒಮ್ಮೆ ಹಾಗೆ ನೋಡಿಸಿಕೊಂಡವರು ಮುಂದಿನ ಸಲ ಸುಮ್ನೆ ತಲೆ ಆಡಿಸುತ್ತಾರೆ, ಅದರ ನಷ್ಟ ಪೇಷಂಟ್‌ಗೆ. ತಿರುಗಿ ಹೇಳುವುದು ಕಿರಿಯರಿಗೆ ಮಾತ್ರ ಅನ್ನುವ ಭಾವನೆಯೂ ಬೇಡ. ಹದಿನೈದು ವರ್ಷ ಅನುಭವ ಇರುವವರೂ ತಿರುಗಿ ಹೇಳಲಿ. ಆಗಲೇ ಅದು ಎಲ್ಲರ ಅಭ್ಯಾಸವಾಗುತ್ತದೆ.

ಕೊನೆಯಲ್ಲಿ ಬಾಯಿಬಿಟ್ಟು ಹೇಳಿ: "ಈಗಿನಿಂದ ಇವರನ್ನು ನಾನು ನೋಡ್ಕೊಳ್ತೀನಿ." ಈ ಮಾತು ಬರುವ ತನಕ ಜವಾಬ್ದಾರಿ ಹಳಬರದೇ. ಇದಿಲ್ಲದಿದ್ದರೆ ಹತ್ತು ನಿಮಿಷ ಪೇಷಂಟ್ ಇಬ್ಬರ ನಡುವೆ ಯಾರದೂ ಅಲ್ಲದೆ ಉಳಿದುಬಿಡುತ್ತಾರೆ. ಓವರ್ ನಡೆಯುತ್ತಿರುವಾಗಲೇ ಪೇಷಂಟ್ ಕೆಟ್ಟರೆ ಮಾತು ಅಲ್ಲಿಗೇ ನಿಲ್ಲಿಸಿ, ಇಬ್ಬರೂ ಸೇರಿ ನೋಡಿಕೊಳ್ಳಿ, ಸುಧಾರಿಸಿದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿ.

ಥಿಯೇಟರ್‌ನಿಂದ ಬರುವಾಗ

ಇದು ಎಲ್ಲಕ್ಕಿಂತ ಗಲಾಟೆಯ ಓವರ್. ಒಂದು ಕಡೆ ವೆಂಟಿಲೇಟರ್ ಜೋಡಿಸುತ್ತಿರುತ್ತಾರೆ, ಇನ್ನೊಂದು ಕಡೆ ಮಾನಿಟರ್ ವೈರ್ ಹಾಕುತ್ತಿರುತ್ತಾರೆ, ಅದರ ನಡುವೆಯೇ ಅರಿವಳಿಕೆ ಡಾಕ್ಟರ್ ಹೇಳಲು ಶುರು ಮಾಡಿರುತ್ತಾರೆ. ಯಾರೂ ಕೇಳುತ್ತಿರುವುದಿಲ್ಲ.

ಲಂಡನ್‌ನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯವರು ಇದಕ್ಕೆ ಉತ್ತರ ಹುಡುಕಲು ಫೆರಾರಿ ಫಾರ್ಮುಲಾ 1 ತಂಡದ ಹತ್ತಿರ ಹೋದರು. ರೇಸ್ ನಡುವೆ ಕಾರು ನಿಂತ ಕೆಲವೇ ಕ್ಷಣಗಳಲ್ಲಿ ಆ ತಂಡದ ಪ್ರತಿಯೊಬ್ಬರೂ ತಮ್ಮ ತಮ್ಮ ಕೆಲಸ ಮುಗಿಸುತ್ತಾರೆ, ಒಬ್ಬರೇ ಎಲ್ಲವನ್ನೂ ನೋಡುತ್ತಾ ನಿಂತಿರುತ್ತಾರೆ. ಅದರಿಂದ ಕಲಿತು, ಹೃದಯದ ಆಪರೇಷನ್ ಆದ ಮಕ್ಕಳನ್ನು ಐಸಿಯುಗೆ ತರುವ ಕ್ರಮವನ್ನೇ ಬದಲಿಸಿದರು. 2007ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಒಂದು ಓವರ್‌ನಲ್ಲಿ ಆಗುತ್ತಿದ್ದ ತಾಂತ್ರಿಕ ತಪ್ಪುಗಳು ಸರಾಸರಿ 5.42ರಿಂದ 3.15ಕ್ಕೆ, ಬಿಟ್ಟುಹೋಗುತ್ತಿದ್ದ ಮಾಹಿತಿ 2.09ರಿಂದ 1.07ಕ್ಕೆ ಇಳಿಯಿತು.

ಅವರ ಕ್ರಮ ಯಾವ ಐಸಿಯುಗೂ ಆಗುತ್ತದೆ. ಮೊದಲು ಯಂತ್ರಗಳು: ವೆಂಟಿಲೇಟರ್, ಮಾನಿಟರ್, ಪಂಪ್, ಡ್ರೈನ್. ಈ ಹೊತ್ತಲ್ಲಿ ಪೇಷಂಟ್‌ನ ಕಥೆ ಹೇಳುವಂತಿಲ್ಲ. ಎಲ್ಲ ಜೋಡಣೆಯಾಗಿ ಅಂಕಿಗಳು ಸರಿ ಬಂದ ಮೇಲೆ ಎಲ್ಲರೂ ಕೈ ಬಿಟ್ಟು ನಿಲ್ಲಬೇಕು. ಆಗ ಅರಿವಳಿಕೆಯವರು, ಆಮೇಲೆ ಸರ್ಜನ್, ಒಬ್ಬೊಬ್ಬರಾಗಿ ಮಾತಾಡಬೇಕು. ಟ್ಯೂಬ್ ಹಾಕುವಾಗ ಕಷ್ಟ ಆಯಿತಾ, ಎಷ್ಟು ರಕ್ತ ಹೋಯಿತು, ಎಷ್ಟು ಕೊಟ್ಟರು, ಕೊನೆಯ ಆಂಟಿಬಯಾಟಿಕ್ ಎಷ್ಟು ಗಂಟೆಗೆ, ಡ್ರೈನ್‌ನಲ್ಲಿ ಎಷ್ಟು ಬಂದರೆ ಸರ್ಜನ್‌ಗೆ ಹೇಳಬೇಕು. ಮೂರನೆಯದಾಗಿ ಚರ್ಚೆ, ಮುಂದಿನ ಪ್ಲಾನ್. ಅದು ಆಗುವ ತನಕ ಥಿಯೇಟರ್ ತಂಡದ ಯಾರೂ ಹೊರಡಬಾರದು.

ವಾರ್ಡ್‌ಗೆ ಕಳಿಸುವಾಗ

ಐಸಿಯುನಲ್ಲಿ ಗಂಟೆಗೊಮ್ಮೆ ನೋಡುತ್ತಿದ್ದ ಪೇಷಂಟ್‌ನನ್ನು ವಾರ್ಡ್‌ನಲ್ಲಿ ಅಷ್ಟು ಸಲ ನೋಡುವುದಿಲ್ಲ. ಅಲ್ಲಿನವರಿಗೆ ಇಪ್ಪತ್ತು ದಿನದ ಪುರಾಣ ಬೇಡ. ಇನ್ನೂ ಏನು ಸರಿಹೋಗಿಲ್ಲ, ಯಾವ ಲಕ್ಷಣ ಕಂಡರೆ ನಮಗೆ ಫೋನ್ ಮಾಡಬೇಕು, ಇದನ್ನು ಮೊದಲು ಹೇಳಿ.

ಔಷಧಿ ಪಟ್ಟಿಯನ್ನು ಸಾಲು ಸಾಲಾಗಿ ನೋಡಿ. ಐಸಿಯುಗೆಂದೇ ಶುರು ಮಾಡಿದ ಹೊಟ್ಟೆಯ ಮಾತ್ರೆ, ಗೊಂದಲ ಕಡಿಮೆ ಮಾಡುವ ಮಾತ್ರೆ ನಿಲ್ಲಿಸುವವರಿಲ್ಲದೆ ಮನೆಯ ತನಕ ಹೋಗಿಬಿಡುತ್ತವೆ. ಇದಕ್ಕೆ ತದ್ವಿರುದ್ಧವಾಗಿ, ಪೇಷಂಟ್ ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಥೈರಾಯ್ಡ್ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಐಸಿಯುನಲ್ಲಿ ನಿಂತದ್ದು ಮತ್ತೆ ಶುರುವಾಗುವುದೇ ಇಲ್ಲ. ಪ್ರತಿಯೊಂದರ ಮುಂದೆ ಮುಂದುವರಿಸಿ, ನಿಲ್ಲಿಸಿ, ಇಂಥ ದಿನ ಶುರು ಮಾಡಿ ಅಂತ ಬರೆಯಿರಿ. ಬೇಡದ ಲೈನ್ ತೆಗೆದೇ ಕಳಿಸಿ.

ನಿಮ್ಮ ಯೂನಿಟ್‌ನಲ್ಲಿ ಶುರು ಮಾಡುವುದು ಹೇಗೆ

ಎಲ್ಲವನ್ನೂ ಒಂದೇ ದಿನ ತರಲು ಹೋಗಬೇಡಿ. ಮೊದಲು ಏಳನೇ ಹೆಜ್ಜೆ ಒಂದನ್ನೇ ಹಿಡಿಯಿರಿ. ಅದಕ್ಕೆ ಫಾರಂ ಬೇಡ, ಮೇಲಿನವರ ಅನುಮತಿಯೂ ಬೇಡ. ಇವತ್ತಿನ ಶಿಫ್ಟ್‌ನಲ್ಲೇ "ಒಂದ್ಸಲ ತಿರುಗಿ ಹೇಳ್ಲಾ?" ಅಂತ ನೀವೇ ಶುರು ಮಾಡಬಹುದು. ಅದು ರೂಢಿಯಾದ ಮೇಲೆ ಒಂದು ಪುಟದ ಹಾಳೆ ಮಾಡಿ. ನರ್ಸ್, ಡಾಕ್ಟರ್ ಇಬ್ಬರೂ ಕೂತು ಮಾಡಿದರೆ ಮಾತ್ರ ಅದನ್ನು ಇಬ್ಬರೂ ಬಳಸುತ್ತಾರೆ. ಎರಡನೇ ಪುಟ ಬೇಕು ಅನ್ನಿಸಿದಾಗ ಇನ್ನೇನು ಸೇರಿಸಲಿ ಅನ್ನುವ ಬದಲು ಯಾವುದನ್ನು ತೆಗೆಯಲಿ ಅಂತ ನೋಡಿ. ಉದ್ದ ಹಾಳೆಯಲ್ಲಿ ಜನ ಸುಮ್ನೆ ಟಿಕ್ ಹಾಕುತ್ತಾ ಹೋಗುತ್ತಾರೆ.

ಆಗಾಗ ಒಬ್ಬರು ಪಕ್ಕದಲ್ಲಿ ನಿಂತು ಓವರ್ ನಡೆಯುವುದನ್ನು ನೋಡಲಿ. ಎಷ್ಟು ಸಲ ಅಡ್ಡಿ ಬಂತು, ತಿರುಗಿ ಹೇಳಿದರಾ, ಏನು ಬಿಟ್ಟುಹೋಯಿತು ಅಂತ ಬರೆದುಕೊಳ್ಳಲಿ. ಯಾರು ಬಿಟ್ಟರು ಅನ್ನುವ ಹೆಸರು ಮಾತ್ರ ಬೇಡ. ಒಂದೇ ವಿಷಯ ಪದೇ ಪದೇ ಬಿಟ್ಟುಹೋಗುತ್ತಿದ್ದರೆ ಹಾಳೆಯಲ್ಲಿ ಅದರ ಜಾಗ ಸರಿಯಿಲ್ಲ ಅಂತ ಅರ್ಥ, ಮೇಲಕ್ಕೆ ತನ್ನಿ. ಹಾಳೆ ಬದಲಿಸಿದಾಗಲೆಲ್ಲ ಮೂಲೆಯಲ್ಲಿ ತಾರೀಖು ಹಾಕಿ, ಹಳೆಯ ಪ್ರತಿಗಳನ್ನು ಆ ದಿನವೇ ತೆಗೆದುಬಿಡಿ. ಒಂದೇ ಯೂನಿಟ್‌ನಲ್ಲಿ ಎರಡು ಬಗೆಯ ಹಾಳೆ ಓಡಾಡಬಾರದು.